ಸಹಾಯ ಬೇಕು: ಸಂಜೆಯ ಔತಣಕ್ಕೆ ಕಿಲ್ಟ್ ಉಡುವ ಕ್ರಮ

ಎಲ್ಲರಿಗೂ ನಮಸ್ಕಾರ. ಎಡಿನ್‌ಬರೋದ ಸಹೋದ್ಯೋಗಿಯೊಬ್ಬರು ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ನೆನಪಿನಲ್ಲಿ ನಡೆಯುವ ಜನವರಿ 25ರ ಬರ್ನ್ಸ್ ನೈಟ್ ಔತಣಕ್ಕೆ ನನ್ನನ್ನು ಆಹ್ವಾನಿಸಿದ್ದು, ಆಹ್ವಾನ ಪತ್ರಿಕೆಯಲ್ಲಿ ‘ಬ್ಲ್ಯಾಕ್ ಟೈ ಅಥವಾ ಹೈಲ್ಯಾಂಡ್ ಉಡುಪು’ (ಸಂಜೆಯ ಔಪಚಾರಿಕ ಕಪ್ಪು ಸೂಟು ಅಥವಾ ಸ್ಕಾಟ್ಲೆಂಡಿನ ಸಾಂಪ್ರದಾಯಿಕ ಉಡುಪು) ಎಂದಿರುವುದರಿಂದ, ಅಲ್ಲಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಕಿಲ್ಟ್ ಉಡಲು ನಿರ್ಧರಿಸಿದ್ದೇನೆ. ಯಾವ ಸ್ಕಾಟಿಷ್ ಮನೆತನಕ್ಕೂ ಸೇರದವರು ಉಟ್ಟರೂ ಆಕ್ಷೇಪವಿಲ್ಲದ ಬ್ಲ್ಯಾಕ್ ವಾಚ್ ಎಂಬ ಟಾರ್ಟನ್‌ನ (ಚೌಕಳಿ ವಿನ್ಯಾಸದ), ಎಂಟು ಗಜ ಉಣ್ಣೆ ಬಟ್ಟೆಯಿಂದ ಹೊಲಿದ ಹಳೆಯ ಕಿಲ್ಟೊಂದನ್ನು ಕೊಂಡಿದ್ದೇನೆ.

ಪಂಚೆ ಉಟ್ಟು ರೂಢಿಯಿದ್ದವನಿಗೆ ಇದೇನು ಮಹಾ ಎಂದುಕೊಂಡಿದ್ದೆ. ಆದರೆ ಪಂಚೆಯ ಹಾಗೆ ಸೊಂಟಕ್ಕೆ ಕಟ್ಟಿದಾಗ ಅಂಚು ಮಂಡಿ ದಾಟಿ ಜೋತುಬಿತ್ತು. ಇದನ್ನು ಹೊಕ್ಕುಳ ಮಟ್ಟದಲ್ಲಿ ಬಿಗಿದು, ನೆರಿಗೆಗಳೆಲ್ಲ ಹಿಂದೆ ಬರುವಂತೆ, ಅಂಚು ಮಂಡಿಚಿಪ್ಪಿನ ಮಧ್ಯಕ್ಕೆ ನಿಲ್ಲುವಂತೆ ಉಡಬೇಕೆಂದು ಆಮೇಲೆ ತಿಳಿಯಿತು.

ಕಿಲ್ಟಿನ ಮೇಲೆ ಸಂಜೆ ತೊಡುವ ಪ್ರಿನ್ಸ್ ಚಾರ್ಲಿ ಎಂಬ ಮೋಟು ಕೋಟು, ಮೂರು ಗುಂಡಿಯ ವೇಸ್ಟ್‌ಕೋಟು ಮತ್ತು ಕಪ್ಪು ಬೋ ಟೈ ಅಲ್ಲಿಯೇ ಬಾಡಿಗೆಗೆ ಸಿಗುತ್ತವೆ. ತೊಡಕಿರುವುದು ಮುಂದೆ ತೂಗುವ ಸ್ಪೋರನ್ ಚೀಲದ ವಿಷಯದಲ್ಲಿ. ನನ್ನ ಬಳಿಯಿರುವ ಕಂದು ಚರ್ಮದ ಚೀಲ ಹಗಲಿನ ಉಡುಪಿಗಷ್ಟೇ ಒಪ್ಪುವಂಥದ್ದು. ಸಂಜೆಗೆ ರೂಢಿಯಲ್ಲಿರುವ ಸೀಲ್ ಪ್ರಾಣಿಯ ತುಪ್ಪಳದ ಚೀಲವನ್ನು ಧರಿಸಲು ನನಗೆ ಮನಸ್ಸಿಲ್ಲ. ಬೆಳ್ಳಿ ಬಣ್ಣದ ಪಟ್ಟಿಯಿರುವ ಕಪ್ಪು ಚರ್ಮದ ಚೀಲವನ್ನು ಇಂಥ ಔತಣಕ್ಕೆ ಧರಿಸಿ ಹೋದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ವಿಷಯ: ಪ್ರಯಾಣದಲ್ಲಿ ನೆರಿಗೆ ಕೆಡದಿರಲು ಅವುಗಳಿಗೆ ದಾರದಿಂದ ಕಚ್ಚಾ ಹೊಲಿಗೆ ಹಾಕಿ ಸುರುಳಿ ಸುತ್ತಿ ಒಯ್ಯಬಹುದೇ? ಬೆಂಗಳೂರಿನಲ್ಲಿ ದಪ್ಪ ಉಣ್ಣೆಯ ನೆರಿಗೆಯನ್ನು ಹಬೆಯಲ್ಲಿ ಸರಿಯಾಗಿ ಇಸ್ತ್ರಿ ಮಾಡಿಕೊಡುವವರಿದ್ದರೆ ಅದನ್ನೂ ಸೂಚಿಸಬೇಕಾಗಿ ವಿನಂತಿ.