ರನ್ನಿಂಗ್ ಸ್ಟಾರ್ಟ್: ಕ್ಯಾಲ್ಕುಲಸ್ ಕಾಲೇಜಲ್ಲೋ, ಸ್ಕೂಲಲ್ಲೋ? ಸಹಾಯ ಬೇಕು

ನಮಸ್ಕಾರ. ವಾಷಿಂಗ್ಟನ್ ರಾಜ್ಯದಲ್ಲಿರೋರು ದಯವಿಟ್ಟು ಹೇಳಿ. ಮಗಳಿಗೆ 12ನೇ ಕ್ಲಾಸು, ರನ್ನಿಂಗ್ ಸ್ಟಾರ್ಟ್‌ನಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರ್ತಿದ್ದಾಳೆ (ಹೈಸ್ಕೂಲ್ ಮಕ್ಕಳು ಕಾಲೇಜಿನ ಕೋರ್ಸು ಓದೋ ರಾಜ್ಯದ ಯೋಜನೆ ಇದು). ಕಾಲೇಜಿನ ಟ್ಯೂಷನ್ ಫೀಸ್ ಇಲ್ಲ, ಪುಸ್ತಕ, ಓಡಾಟ ನಮ್ಮದು. ಕಾಲೇಜಿನ 5 ಕ್ರೆಡಿಟ್ ಕೋರ್ಸು ಅಂದ್ರೆ ಹೈಸ್ಕೂಲಿನ 1 ಕ್ರೆಡಿಟ್. ಇಲ್ಲಿಯವರೆಗೆ ಸರಿ.

ತೊಡಕು ಗಣಿತದ್ದು. ಇಂಜಿನಿಯರಿಂಗ್‌ಗೆ ಹೊರರಾಜ್ಯದ ಖಾಸಗಿ ಯೂನಿವರ್ಸಿಟಿಗಳಿಗೂ ಅರ್ಜಿ ಹಾಕ್ತಾಳೆ. ಕಾಲೇಜಿನ ಮ್ಯಾತ್ 151 (ಮೊದಲ ಕ್ಯಾಲ್ಕುಲಸ್ ಕೋರ್ಸು) ಒಂದೇ ಕ್ವಾರ್ಟರ್, ಹತ್ತು-ಹನ್ನೊಂದು ವಾರಕ್ಕೆ ಮುಗಿಯತ್ತೆ. ಒಂದು ಮಿಡ್‌ಟರ್ಮ್ ಕೈಕೊಟ್ರೆ ಸುಧಾರಿಸ್ಕೊಳ್ಳೋಕೆ ಟೈಮೇ ಇರಲ್ಲ, ಆ ಗ್ರೇಡು ಕಾಲೇಜ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಉಳಿದುಬಿಡತ್ತೆ. ಮುಂದೆ ಮೆಡಿಕಲ್‌ಗೆ ಹೋದ್ರೂ ಅದನ್ನ ತೋರಿಸ್ಲೇಬೇಕು. ಸ್ಕೂಲಲ್ಲೇ ಎಪಿ ಕ್ಯಾಲ್ಕುಲಸ್ ಬಿಸಿ (ಹೈಸ್ಕೂಲಲ್ಲೇ ಕಲಿಸೋ ಕಾಲೇಜ್ ಮಟ್ಟದ ಕೋರ್ಸು) ತಗೊಂಡ್ರೆ ವರ್ಷಪೂರ್ತಿ ಸಮಯ, ಮೇ ಪರೀಕ್ಷೆಯಲ್ಲಿ ಸ್ಕೋರ್ ಕಮ್ಮಿ ಬಂದ್ರೆ ಕಳಿಸದೇ ಬಿಡಬಹುದು.

ಕಾಲೇಜಿನ ಕ್ರೆಡಿಟ್ ಯೂನಿವರ್ಸಿಟಿಯಲ್ಲಿ ಒಪ್ತಾರಾ ಅಂತ ಕೇಳಿದ್ರೆ, ಸ್ಕೂಲ್ ಕೌನ್ಸೆಲರ್ ರಾಜ್ಯದೊಳಗಿನ ಸರ್ಕಾರಿ ಯೂನಿವರ್ಸಿಟಿಗಳ ವಿಷಯ ಮಾತ್ರ ಹೇಳಿದ್ರು. ಕಾಲೇಜ್ ಅಡ್ವೈಸರ್ "ಆಯಾ ಯೂನಿವರ್ಸಿಟಿನೇ ಕೇಳಿ" ಅಂದ್ರು. ಕೆಲವು ಖಾಸಗಿ ಕಡೆ ಹೈಸ್ಕೂಲ್ ಡಿಪ್ಲೊಮಾಗೆ (ಹೈಸ್ಕೂಲ್ ಮುಗಿಸಿದ ಸರ್ಟಿಫಿಕೇಟಿಗೆ) ಎಣಿಸಿದ ಕ್ರೆಡಿಟ್ ಒಪ್ಪಲ್ಲ ಅಂತ ನಿಯಮ ಇದೆ. ರನ್ನಿಂಗ್ ಸ್ಟಾರ್ಟ್‌ನಲ್ಲಿ ಒಂದೇ ಕೋರ್ಸು ಎರಡೂ ಕಡೆ ಎಣಿಕೆ ಆಗತ್ತಲ್ಲ!

ಡಿಪ್ಲೊಮಾಗೆ ಬೇಕಾದ ಗಣಿತದ 3 ಕ್ರೆಡಿಟ್ ಅವಳದ್ದು ಈಗಾಗಲೇ ಮುಗಿದಿದೆ. ಹಾಗಾದ್ರೆ ಮ್ಯಾತ್ 151 ಅಗತ್ಯಕ್ಕಿಂತ ಹೆಚ್ಚಿನದು ಅಂತ ಕೌನ್ಸೆಲರ್ ಪತ್ರ ಕೊಟ್ರೆ ಹೊರರಾಜ್ಯದ ಖಾಸಗಿ ಯೂನಿವರ್ಸಿಟಿಯವರು ಕ್ರೆಡಿಟ್ ಕೊಡ್ತಾರಾ? ನಿಮ್ಮ ಮಕ್ಕಳಿಗೆ ಸಿಕ್ಕಿದ್ರೆ, ಯಾವ ಯೂನಿವರ್ಸಿಟಿ, ಯಾವ ದಾಖಲೆ ಕೇಳಿದ್ರು ಅಂತ ತಿಳಿಸಿ.