ಅಪ್‌ಡೇಟ್: ಟೈರ್ ಗಾಳಿ ಸಮಸ್ಯೆ ಬಗೆಹರಿಯಿತು

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವಾಗ ಕಾರು ಕುಲುಕುತ್ತದೆ, ಟೈರಿನ ನಡುಭಾಗ ಮಾತ್ರ ಸವೆಯುತ್ತಿದೆ ಅಂತ ಹೋದ ವಾರ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಟೈರಿನ ಮೇಲಿದ್ದ ಅಂಕಿ ನೋಡಿ 44 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕಿಸುತ್ತಿದ್ದೆ. ಅದು ಟೈರಿನ ಗರಿಷ್ಠ ಮಿತಿಯಂತೆ!

ಮೊದಲು ಮಾಮೂಲಿ ಗಾಳಿಯ ಬದಲು ನೈಟ್ರೋಜನ್ ಹಾಕಿಸಿ ನೋಡಿದೆ. ಅದೂ 44ಕ್ಕೇ ಅಲ್ವಾ, ಕುಲುಕಾಟ ಹಾಗೇ ಇತ್ತು. "ಡ್ರೈವರ್ ಬಾಗಿಲು ತೆಗೆದು ಸ್ಟಿಕ್ಕರ್ ನೋಡಿ" ಅಂದವರ ಮಾತೇ ಸರಿಯಾಯಿತು. ತುಂಬಾ ಥ್ಯಾಂಕ್ಸ್. ಧೂಳು ಒರೆಸಿದರೆ ಕಾರು ಕಂಪನಿಯವರು ಹೇಳಿದ ಒತ್ತಡ 33 ಅಂತಿತ್ತು, ಕಾರು ತುಂಬಾ ಜನ ಇದ್ದರೆ ಹಿಂದಿನ ಟೈರಿಗೆ 36. ಈಗ ಕಾರು ನೆಲ ಹಿಡಿದು ಓಡುತ್ತದೆ.

ನನಗೆ ಆಶ್ಚರ್ಯವಾದದ್ದು ಇನ್ನೊಂದು. ಬೆಳಿಗ್ಗೆ ಹೊರಡುವಾಗ 33 ಇದ್ದದ್ದು, ಬಿಸಿಲಲ್ಲಿ ದುರ್ಗ ಮುಟ್ಟಿದಾಗ 37! ಟೈರ್ ಬಿಸಿಯಾದರೆ ಏರುವುದು ಸಹಜ, ಆಗ ಗಾಳಿ ಬಿಡಬೇಡಿ. ತಣ್ಣಗಿದ್ದಾಗಲೇ ನೋಡಬೇಕು. ನಾನೀಗ ಬೆಳಿಗ್ಗೆಯೇ ಮನೆ ಹತ್ತಿರದ ಬಂಕಿಗೆ ಹೋಗುತ್ತೇನೆ.