ಒಬ್ಬಳೇ ಹೋಗಿ ಮಲಗಲು ಸಣ್ಣ ಟ್ರೈಲರ್: 450 ಕೆಜಿಯದ್ದಾ, 900 ಕೆಜಿಯದ್ದಾ?

ಕಣದಂಗಳ, ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ಬೊಲೆರೊ ಹಿಂದೆ ಕಟ್ಟಿಕೊಂಡು ಹೋಗುವಂಥ ಸಣ್ಣ ಟ್ರೈಲರ್ ಒಂದನ್ನು ತಗೊಳ್ಳಬೇಕು ಅಂತಿದ್ದೇನೆ. ಒಳಗೆ ಹಾಸಿಗೆ ಇರುವ ಥರದ್ದು. ಹೋಗುವವಳು ನಾನೊಬ್ಬಳೇ.

ನನಗೆ 52 ವರ್ಷ. ನಾಲ್ಕೂವರೆ ಎಕರೆ ಅರೇಬಿಕಾ ತೋಟ, ಮರಗಳಿಗೆ ಮೆಣಸಿನ ಬಳ್ಳಿ. ಹಕ್ಕಿ ನೋಡುವುದು ಇಪ್ಪತ್ತು ವರ್ಷದ ಅಭ್ಯಾಸ. ಮೊದಲೆಲ್ಲ ಟೆಂಟ್ ಹಾಕಿಕೊಂಡು ಎಲ್ಲೆಂದರಲ್ಲಿ ಮಲಗುತ್ತಿದ್ದೆ. ಎರಡು ವರ್ಷದ ಹಿಂದೆ ಸೊಂಟದ ಡಿಸ್ಕ್ ಜಾರಿತು. ಈಗ ನೆಲದ ಮೇಲೆ ಮಲಗಿದರೆ ಬೆಳಿಗ್ಗೆ ನೆಟ್ಟಗೆ ನಿಲ್ಲಲು ಕಾಲು ಗಂಟೆ ಬೇಕು. ಹೋದ ಫೆಬ್ರವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ನೋಡಲು ಹೋಗಿದ್ದೆ. ಹಿಮಾಲಯ ದಾಟಿ ಬರುವ ಹಕ್ಕಿಗಳವು. ಉಳಿದದ್ದು ದೂರದ ಲಾಡ್ಜಿನಲ್ಲಿ. ನಾನು ಕೆರೆ ಏರಿ ತಲುಪುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಬೆಳಕು ಹರಿಯುವಾಗಿನ ಆ ಗದ್ದಲ ನನಗೆ ಸಿಗಲೇ ಇಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಕೊರಗು.

ಎರಡು ಟ್ರೈಲರ್ ನೋಡಿ ಬಂದಿದ್ದೇನೆ. ಒಂದು ನೀರಿನ ಹನಿಯ ಆಕಾರದ್ದು. 8 ಅಡಿ ಉದ್ದ, 5 ಅಡಿ ಅಗಲ. ಒಳಗೆ ಹಾಸಿಗೆ ಬಿಟ್ಟರೆ ಏನೂ ಇಲ್ಲ. ಹಿಂದಿನ ಮುಚ್ಚಳ ಎತ್ತಿದರೆ ಪುಟ್ಟ ಅಡುಗೆ ಕಟ್ಟೆ. ಖಾಲಿ ತೂಕ 450 ಕೆಜಿ. ಇನ್ನೊಂದು ಸೆಕೆಂಡ್ ಹ್ಯಾಂಡ್. 12 ಅಡಿ ಉದ್ದ, ಆರೂವರೆ ಅಡಿ ಅಗಲ. ಒಳಗೆ ನಿಲ್ಲಬಹುದು, ಸಿಂಕ್ ಇದೆ, ಫ್ರಿಜ್ ಇದೆ, ಟಾಯ್ಲೆಟ್ ಇದೆ. 900 ಕೆಜಿ. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ದೊಡ್ಡದನ್ನು ಮಾರುವವರು ಒಂದು ಗಂಟೆ ಒಳಗಿನದ್ದೆಲ್ಲ ತೋರಿಸಿದರು. ತೂಕ ಎಷ್ಟು ಅಂತ ಮೂರು ಸಲ ಕೇಳಿದ ಮೇಲೆ ಹೇಳಿದರು. ಅದಕ್ಕೇ ಮನಸ್ಸು ಹಿಂಜರಿಯುತ್ತಿದೆ.

ನಮ್ಮ ರಸ್ತೆಗಳಲ್ಲಿ ಎಳೆದವರು ಯಾರಾದರೂ ಇದ್ದರೆ ಹೇಳಿ.

ಘಾಟ್ ಜೀಪು, ಮಡಿಕೇರಿ

ಅಕ್ಕಾ, ನಾನು ಟ್ರೈಲರ್ ಇಟ್ಟವನಲ್ಲ. ಹದಿನೈದು ವರ್ಷದಿಂದ ಮಾಂದಲ್‌ಪಟ್ಟಿ ಕಡೆ ಜೀಪು ಓಡಿಸುತ್ತೇನೆ. ರಸ್ತೆ ಲೆಕ್ಕ ಮಾತ್ರ ಹೇಳುತ್ತೇನೆ.

ನಿಮ್ಮ ಬೊಲೆರೊ ಅಗಲ 1,745 ಮಿಲಿಮೀಟರ್, ಅಂದರೆ ಐದು ಮುಕ್ಕಾಲು ಅಡಿ ಹತ್ತಿರ. 5 ಅಡಿಯ ಟ್ರೈಲರ್ ಅದಕ್ಕಿಂತ ಒಳಗೇ ಇದೆ. ಬೊಲೆರೊ ನುಗ್ಗಿದ ಕಡೆ ಅದೂ ನುಗ್ಗುತ್ತದೆ. ಆರೂವರೆ ಅಡಿಯದ್ದು ಎರಡೂ ಕಡೆ ನಾಲ್ಕೈದು ಇಂಚು ಹೊರಗೆ ಬರುತ್ತದೆ. ನಮ್ಮ ತೋಟದ ಗೇಟುಗಳು, ಎರಡೂ ಕಡೆ ಮಣ್ಣಿನ ಬರೆ ಎದ್ದಿರುವ ರಸ್ತೆಗಳು ನಿಮಗೆ ಗೊತ್ತೇ ಇದೆ. ಎದುರಿಗೆ ಪಿಕಪ್ ಬಂದರೆ ಯಾರೋ ಒಬ್ಬರು ಹಿಂದೆ ಹೋಗಲೇಬೇಕು. ಸಿಂಕ್ ಫ್ರಿಜ್ ಎಲ್ಲ ಆಮೇಲೆ.

ತಿರುವಿನಲ್ಲಿ ಟ್ರೈಲರ್ ಒಳಮೈ ಹಿಡಿಯುತ್ತದೆ. ಬಂಡಿಯ ಚಕ್ರ ಹೋದ ಜಾಡಿನಲ್ಲಿ ಟ್ರೈಲರ್ ಚಕ್ರ ಬರುವುದಿಲ್ಲ. ಸಂಪಾಜೆ ಘಾಟ್‌ನಂಥ ಕಡೆ ಅಗಲ ತೆಗೆದುಕೊಂಡೇ ತಿರುಗಿಸಬೇಕು. ಇಳಿಯುವಾಗ ಏರಿದ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಕೆಳಗೆ ಬರುವಷ್ಟರಲ್ಲಿ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಹಿಂದೆ 900 ಕೆಜಿ ನೂಕುತ್ತಿದ್ದರೆ ಆ ಟ್ರೈಲರಿಗೆ ಅದರದೇ ಬ್ರೇಕ್ ಇರಲೇಬೇಕು. ಇಲ್ಲದಿದ್ದರೆ ದಯವಿಟ್ಟು ತಗೊಳ್ಳಬೇಡಿ.

ಪ್ಲೈವುಡ್ ಗೂಡು, ನಾಪೋಕ್ಲು

ಮೇಡಂ, ನಾನು ಎಳೆದವನು. ಬ್ಯಾಂಕ್ ಕೆಲಸದಿಂದ ನಿವೃತ್ತಿಯಾದ ಮೇಲೆ ನೀವು ಹೇಳುವ ಹನಿಯ ಆಕಾರದ್ದನ್ನೇ ಮಾಡಿಸಿಕೊಂಡು ನಾಲ್ಕು ವರ್ಷ ಆಯಿತು. ಈ ಆಕಾರ ಅಮೆರಿಕದಲ್ಲಿ 1930ರ ದಶಕದಲ್ಲಿ ಶುರುವಾದದ್ದು. ಎರಡು ಪಕ್ಕದ ಗೋಡೆಗೆ 8 ಅಡಿ 4 ಅಡಿಯ ಪ್ಲೈವುಡ್ ಹಾಳೆ ಒಂದೊಂದು ಸಾಕು. ಅದಕ್ಕೇ ಜನ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು.

ಒಬ್ಬರೇ ಹೋಗುವವರಿಗೆ ನನ್ನ ಅನುಭವದಲ್ಲಿ ಒಂದೇ ಪ್ರಶ್ನೆ. ಕೊಂಡಿ ಬಿಚ್ಚಿದ ಮೇಲೆ ಅದನ್ನು ನೀವೊಬ್ಬರೇ ಕೈಯಲ್ಲಿ ತಿರುಗಿಸಬಲ್ಲಿರಾ? ಇಬ್ಬರಿದ್ದರೆ ಒಬ್ಬರು ಹಿಂದೆ ನಿಂತು 'ಬರಲಿ ಬರಲಿ' ಅನ್ನುತ್ತಾರೆ. ಒಬ್ಬರೇ ಇದ್ದರೆ ಹಾಗಿಲ್ಲ. ರಸ್ತೆ ಮುಂದೆ ಮುಗಿದಿರುತ್ತದೆ, ಮಳೆ ಹೊಯ್ಯುತ್ತಿರುತ್ತದೆ, ಕತ್ತಲಾಗಿರುತ್ತದೆ. ಚೇರಂಬಾಣೆ ಹತ್ತಿರ ಒಂದು ತೋಟದ ರಸ್ತೆಯಲ್ಲಿ ನನಗೆ ಹೀಗೇ ಆಯಿತು. ಕೊಂಡಿ ಬಿಚ್ಚಿ, ಮುಂದಿನ ಪುಟ್ಟ ಚಕ್ರ ಇಳಿಸಿ, ಟ್ರೈಲರನ್ನು ಕೈಯಲ್ಲೇ ಸುತ್ತ ತಿರುಗಿಸಿದೆ. ಆಮೇಲೆ ಜೀಪನ್ನು ಬೇರೆಯಾಗಿ ತಿರುಗಿಸಿ ಮತ್ತೆ ಕಟ್ಟಿಕೊಂಡೆ. 900 ಕೆಜಿಯದ್ದಾಗಿದ್ದರೆ ಬೆಳಗಿನ ತನಕ ಅಲ್ಲೇ ಇರಬೇಕಿತ್ತು.

ಸಮತಟ್ಟು ಜಾಗದಲ್ಲಿ 450 ಕೆಜಿ ಸುಲಭವಾಗಿ ಸರಿಯುತ್ತದೆ. ಏರಿನಲ್ಲಿ ಲೆಕ್ಕ ಬೇರೆ. ಹತ್ತು ಅಡಿಗೆ ಒಂದು ಅಡಿ ಏರು ಇದ್ದರೆ, 45 ಕೆಜಿ ಎತ್ತುವಷ್ಟು ಬಲ ಹಾಕಿ ನೂಕಬೇಕು. ಸೊಂಟ ನೋವಿನವರು ಅದಕ್ಕೆ ಹೋಗಲೇಬಾರದು. ಕೈಯಲ್ಲಿ ತಿರುಗಿಸಿ ಹಗ್ಗ ಸುತ್ತಿ ಎಳೆಯುವ ಸಣ್ಣ ವಿಂಚ್ ಒಂದನ್ನು ಇಟ್ಟುಕೊಳ್ಳಿ. ನಮ್ಮಲ್ಲಿ ಸಿಲ್ವರ್ ಓಕ್ ಮರಕ್ಕೇನು ಬರ, ಕಟ್ಟಿ ಎಳೆಯಬಹುದು. ಚಕ್ರದ ಕೆಳಗೆ ಇಡುವ ಮರದ ಬೆಣೆ ಎರಡಲ್ಲ, ನಾಲ್ಕು ಇರಲಿ.

ಇನ್ನೊಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ನನಗೆ ಅದನ್ನು ಯಾರೂ ಹೇಳಿರಲಿಲ್ಲ. ಮೊದಲ ಪ್ರವಾಸದಲ್ಲಿ 40 ಲೀಟರ್ ನೀರು, ಬ್ಯಾಟರಿ, ಗ್ಯಾಸ್ ಎಲ್ಲವನ್ನೂ ಹಿಂದಿನ ಅಡುಗೆ ಕಟ್ಟೆಯಲ್ಲಿ ತುಂಬಿದೆ. ಪಿರಿಯಾಪಟ್ಟಣ ದಾಟಿ ಹುಣಸೂರು ಕಡೆ ಒಳ್ಳೆಯ ರಸ್ತೆ ಸಿಕ್ಕಿತು, 70ಕ್ಕೆ ಏರಿಸಿದೆ. ಒಂದು ಬಸ್ಸು ಪಕ್ಕದಲ್ಲಿ ಹಾದು ಹೋಯಿತು ನೋಡಿ, ಟ್ರೈಲರ್ ಬಾಲ ಆಡಿಸಲು ಶುರು ಮಾಡಿತು. ಎಡಕ್ಕೆ, ಬಲಕ್ಕೆ, ಪ್ರತಿ ಸಲ ಇನ್ನೂ ಜಾಸ್ತಿ. ಸ್ಟೀರಿಂಗ್ ನನ್ನ ಕೈಯಲ್ಲಿ ಇರಲಿಲ್ಲ. ಬ್ರೇಕ್ ಒತ್ತದೆ ಆಕ್ಸಿಲೇಟರ್ ಮೆಲ್ಲಗೆ ಬಿಟ್ಟೆ, ಸ್ಟೀರಿಂಗ್ ನೆಟ್ಟಗೆ ಹಿಡಿದೆ. ವೇಗ ಇಳಿದ ಮೇಲೆ ನಿಂತಿತು. ಪಕ್ಕಕ್ಕೆ ಹಾಕಿ ಹತ್ತು ನಿಮಿಷ ಸುಮ್ನೆ ಕೂತಿದ್ದೆ.

ಭಾರ ಆಕ್ಸಲ್‌ನ, ಅಂದರೆ ಚಕ್ರಗಳ ನಡುವಿನ ಅಚ್ಚಿನ, ಹಿಂದೆ ಬಿದ್ದರೆ ಹೀಗಾಗುತ್ತದೆ. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಮುಂದೆ, ಕೊಂಡಿಯ ಗುಂಡಿನ ಮೇಲೆ ಕೂರಬೇಕು. ಅಳೆಯುವುದು ನಮಗೆ ಕಷ್ಟವೇ ಅಲ್ಲ. ಕಾಫಿ ಹಣ್ಣು ತೂಗುವ ಮಿಷನ್ ಪ್ರತಿ ಮನೆಯಲ್ಲೂ ಇದೆ. ಟ್ರೈಲರ್ ತುಂಬಿಸಿ, ಸಮ ನೆಲದಲ್ಲಿ ನಿಲ್ಲಿಸಿ. ಕೊಂಡಿಯ ಕೆಳಗೆ ಒಂದು ಮರದ ತುಂಡು ಕೊಟ್ಟು ಆ ಮಿಷನ್ ಮೇಲೆ ಇಳಿಸಿ. ಸಾಮಾನು ಸೇರಿ ನಿಮ್ಮದು 550 ಕೆಜಿ ಆದರೆ ಅಲ್ಲಿ 55 ತೋರಿಸಬೇಕು. ಒಂದು ಮೂಟೆ ಕಾಫಿಗಿಂತ ಸ್ವಲ್ಪ ಜಾಸ್ತಿ. ನನ್ನದು ಅವತ್ತು ಎಷ್ಟಿತ್ತು ಅಂತ ಆಮೇಲೆ ತೂಗಿ ನೋಡಿದೆ. 11 ಕೆಜಿ.

ಮಳೆಗಾಲಕ್ಕೆ: ಪ್ಲೈವುಡ್ ಆದರೆ ಐಎಸ್ 710 ಗುರುತಿನ ಮರೈನ್ ಪ್ಲೈ ಹೌದಾ ಅಂತ ನೋಡಿ. ಅಂಚುಗಳಿಗೆ, ಸ್ಕ್ರೂ ತೂತುಗಳಿಗೆ ಎಪಾಕ್ಸಿ ಹಾಕಿರಬೇಕು. ನೀರು ಹೋಗುವುದು ಅಲ್ಲೇ. ಚಾವಣಿಯಲ್ಲಿ ಗಾಳಿ ಕಿಂಡಿ ಬೇಕು. ಒಬ್ಬರ ಉಸಿರೇ ಸಾಕು, ಬೆಳಿಗ್ಗೆ ಗೋಡೆಯಿಂದ ನೀರು ಇಳಿಯುತ್ತದೆ. ಹಾಸಿಗೆಯ ಅಡಿಗೆ ಬೂಷ್ಟು ಹಿಡಿಯುತ್ತದೆ. ಹಲಗೆಗೆ ತೂತು ಕೊರೆಸಿದ ಮೇಲೆ ನನ್ನದರಲ್ಲಿ ನಿಂತಿತು.

ಜಡಿಮಳೆ, ವಿರಾಜಪೇಟೆ

ಅಣ್ಣನ ಮಾತಿಗೆ ಎದುರು ಹೇಳುತ್ತಿಲ್ಲ. ಆದರೆ ಅಕ್ಕಾ, ಹೆಂಗಸಿನ ಕಡೆಯಿಂದ ಒಂದು ಮಾತು. ಜುಲೈಯಲ್ಲಿ ಒದ್ದೆ ಬಟ್ಟೆಯಲ್ಲಿ ಬಂದು, ಕಾಲಿನ ಜಿಗಣೆ ಕಿತ್ತು, ಬಟ್ಟೆ ಬದಲಾಯಿಸಬೇಕು. ಕೂತುಕೊಂಡೇ ಅದನ್ನೆಲ್ಲ ಮಾಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಸೊಂಟ ನೋವಿದ್ದರೆ ಇನ್ನೂ ಕಷ್ಟ. ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಹೊರಗೆ ಹೋಗುವುದು ಅಂದರೆ, ಆನೆ ಓಡಾಡುವ ಕಡೆ ಅದು ಸಣ್ಣ ವಿಷಯ ಅಲ್ಲ. ಸಿದ್ದಾಪುರ, ತಿತಿಮತಿ ಕಡೆ ಹಗಲಲ್ಲೇ ತೋಟಕ್ಕೆ ಹೋಗಲು ಹೆದರುತ್ತಾರೆ.

ನೀವು ಹೋಗುವುದು ಮಳೆಯಲ್ಲಾ, ಬೇಸಿಗೆಯಲ್ಲಾ? ಮಳೆ ಅಂದರೆ ನಾನು ನಿಲ್ಲಲು ಆಗುವುದನ್ನೇ ಹೇಳುತ್ತೇನೆ. ಛಾವಣಿ ಎತ್ತಿ ಇಳಿಸುವ ಥರದ್ದೂ ಬರುತ್ತದೆ, ತೂಕವೂ ಕಡಿಮೆ. ಸಣ್ಣದೇ ಆದರೆ ಎರಡೂ ಪಕ್ಕ ಬಾಗಿಲು ಇರಲಿ. ಒಂದು ಕಡೆ ಏನಾದರೂ ನಿಂತಿದ್ದರೆ ಇನ್ನೊಂದು ಕಡೆಯಿಂದ ಇಳಿಯಬಹುದು. ಹಲಸಿನ ಹಣ್ಣು, ಬಾಳೆಗೊನೆ ಒಳಗಿಟ್ಟು ಮಲಗಬೇಡಿ. ಆನೆಗಳು ವಾಸನೆ ಹಿಡಿದು ಬರುತ್ತವೆ.

ಮತ್ತೆ ಕೈಮುಗಿದು ಕೇಳುತ್ತೇನೆ, ಎಷ್ಟೇ ಚಳಿ ಇದ್ದರೂ ಒಳಗೆ ಕೆಂಡ ಇಟ್ಟುಕೊಳ್ಳಬೇಡಿ. ಗ್ಯಾಸ್ ಒಲೆಯೂ ಬೇಡ. ಮನೆಯಲ್ಲಿ ಬಾಣಲೆಯಲ್ಲಿ ಕೆಂಡ ಹಾಕಿ ಕೂರುವ ಅಭ್ಯಾಸ ನಮಗೆಲ್ಲ ಇದೆ. ಮನೆಯ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಆ ಮುಚ್ಚಿದ ಪೆಟ್ಟಿಗೆಯಲ್ಲಿ ಆಡುವುದಿಲ್ಲ. ಕೆಂಡದಿಂದ ಬರುವ ವಿಷಗಾಳಿಗೆ ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ.

ಸ್ಪ್ಯಾನರ್ 17, ಕುಶಾಲನಗರ

ವರ್ಕ್‌ಶಾಪ್‌ನವನು. ಕಾಗದದ ವಿಷಯ ಮಾತ್ರ ಹೇಳುತ್ತೇನೆ ಮೇಡಂ. ಟ್ರೈಲರಿಗೆ ಅದರದೇ ರಿಜಿಸ್ಟ್ರೇಷನ್ ಬೇಕು. ಒಟ್ಟು ತೂಕ 750 ಕೆಜಿ ಒಳಗಿದ್ದರೆ ಅದು ಟಿ1 ವರ್ಗ, ದಾಟಿದರೆ ಟಿ2. ಖಾಲಿ ತೂಕ ಅಲ್ಲ, ಸಾಮಾನು ಸೇರಿಸಿ. ಯುರೋಪಿನಲ್ಲೂ 750 ದಾಟಿದ ಟ್ರೈಲರಿಗೆ ಬ್ರೇಕ್ ಕಡ್ಡಾಯ. ಹೊಸದಾದರೆ ಮಾಡಿದವರಿಂದ ಫಾರಂ 21 (ಮಾರಾಟದ ಪತ್ರ), ಫಾರಂ 22 (ರಸ್ತೆಗೆ ಯೋಗ್ಯ ಅನ್ನುವ ಪತ್ರ) ಎರಡೂ ಕೇಳಿ. ಸೆಕೆಂಡ್ ಹ್ಯಾಂಡಿಗೆ ಆರ್‌ಸಿ ನೋಡದೆ ಅಡ್ವಾನ್ಸ್ ಕೊಡಬೇಡಿ. ಮಡಿಕೇರಿ ಆರ್‌ಟಿಒದಲ್ಲಿ ಒಮ್ಮೆ ಮೊದಲೇ ಕೇಳಿಕೊಂಡು ಬನ್ನಿ. ಕೊಂಡಿಯ ಕಬ್ಬಿಣ ಚಾಸಿಗೆ ಬೋಲ್ಟ್ ಆಗಬೇಕು, ಬಂಪರಿಗೆ ಅಲ್ಲ. ಸೇಫ್ಟಿ ಚೈನ್ ಎರಡು, ಒಂದರ ಮೇಲೊಂದು ಅಡ್ಡ ಹಾಕಿ. ಕೊಂಡಿ ಕಳಚಿದರೂ ಟ್ರೈಲರಿನ ಮೂತಿ ರಸ್ತೆಗೆ ಬಡಿಯದೆ ಆ ಚೈನಿನ ಮೇಲೆ ಕೂರುತ್ತದೆ. ಕೆಸರು ನೀರಲ್ಲಿ ಓಡಿಸಿದ ಮೇಲೆ ವೀಲ್ ಬೇರಿಂಗ್ ಗ್ರೀಸ್ ನೋಡಿಸಿ.

ಕಣದಂಗಳ, ಸೋಮವಾರಪೇಟೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ.

ನಾಪೋಕ್ಲು ಸರ್ ಹೇಳಿದ್ದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮನೆಯಲ್ಲಿ ಟಿಲ್ಲರ್ ಟ್ರೈಲರ್ ಇದೆ. ವೇಬ್ರಿಡ್ಜಿಗೆ ಒಯ್ದು ತೂಗಿಸಿದೆ, ಖಾಲಿ 380 ಕೆಜಿ. 50 ಕೆಜಿಯ ಮೂರು ಮೂಟೆ ಹಾಕಿದೆ, 530 ಆಯಿತು. ಕಣದಲ್ಲಿ ಕೊಂಡಿ ಬಿಚ್ಚಿ, ಮೂತಿಗೆ ಕೈ ಕೊಟ್ಟು ನಿಂತೆ. ಮೂಟೆಗಳು ಆಕ್ಸಲ್ ಮೇಲೇ ಇದ್ದಾಗ ಮೂತಿ ಹಗುರ. ಒಂದು ಮೂಟೆಯನ್ನು ಆಳಿನ ಕೈಯಲ್ಲಿ ಎರಡು ಅಡಿ ಮುಂದಕ್ಕೆ ಎಳೆಸಿದೆ. ಭಾರ ಸೀದಾ ಅಂಗೈಗೆ ಬಂದು ಕೂತಿತು. ಹಿಂದಕ್ಕೆ ಎಳೆಸಿದರೆ ಮೂತಿ ತಾನೇ ಮೇಲಕ್ಕೆ ಎದ್ದು ಬಂತು. ಕೊಂಡಿಯ ಮೇಲೆ ಭಾರ ಕೂರಬೇಕು ಅಂದರೆ ಏನು ಅಂತ ಅವತ್ತು ಅರ್ಥವಾಯಿತು.

ಕಣದ ಸಿಮೆಂಟಿನ ಮೇಲೆ ನಾನೊಬ್ಬಳೇ ನೂಕಿದೆ, ಸರಿಯಿತು. ಪೂರ್ತಿ ಒಂದು ಸುತ್ತು ತಿರುಗಿಸಿದೆ. ಗೇಟಿನ ಹತ್ತಿರದ ಏರಿನಲ್ಲಿ ಒಂದು ಇಂಚೂ ಹೋಗಲಿಲ್ಲ. ಹಟ ಮಾಡಲಿಲ್ಲ, ಬೆಣೆ ಕೊಟ್ಟು ಬಿಟ್ಟೆ. ಅಕ್ಕಪಕ್ಕದ ಮನೆಯಿಂದ ಕೈ ವಿಂಚ್ ತಂದು ಸಿಲ್ವರ್ ಓಕಿಗೆ ಕಟ್ಟಿದೆ. ನಿಧಾನವಾಗಿ ಹತ್ತಿತು. ಸೊಂಟ ಏನೂ ಅನ್ನಲಿಲ್ಲ.

ಹಾಗಾಗಿ 900 ಕೆಜಿಯದ್ದು ಬೇಡ ಅಂತ ತೀರ್ಮಾನ ಮಾಡಿದೆ. ವಿರಾಜಪೇಟೆ ತಂಗಿ ಹೇಳಿದ್ದು ಮನಸ್ಸಿಗೆ ತಟ್ಟಿದೆ. ಆದರೆ ಮಳೆಗಾಲದಲ್ಲಿ ತೋಟ ಬಿಟ್ಟು ನಾನು ಹೋಗುವುದಿಲ್ಲ. ಜನವರಿಯಲ್ಲಿ ಕುಯ್ಲು ಮುಗಿದ ಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಬರುವ ತನಕ, ಅಷ್ಟೇ ನನ್ನ ಕಾಲ. ಹೋಗುವುದು ಶನಿವಾರಸಂತೆ, ಕೊಡ್ಲಿಪೇಟೆ ಮೇಲೆ ಬಯಲುಸೀಮೆಗೆ. ಬಟ್ಟೆ ಬದಲಾಯಿಸಲು ಪಕ್ಕಕ್ಕೆ ಟಾರ್ಪಾಲಿನ ಮರೆ ಕಟ್ಟಿಕೊಳ್ಳುತ್ತೇನೆ. ಎರಡು ಬಾಗಿಲು, ಚಾವಣಿಯ ಕಿಂಡಿ, ಮುಂದೆ ನೀರಿನ ಟ್ಯಾಂಕ್, ಇವಿಷ್ಟನ್ನು ಮಾಡುವವರಿಗೆ ಬರೆದು ಕೊಟ್ಟಿದ್ದೇನೆ. ಕೆಂಡದ ಮಾತನ್ನು ಮರೆಯುವುದಿಲ್ಲ.

ನಾಪೋಕ್ಲು ಸರ್, ಒಂದೇ ಬಾಕಿ. ಮಲಗಿದ ಜಾಗದಿಂದ ಎದ್ದು ಆ ಪುಟ್ಟ ಬಾಗಿಲಲ್ಲಿ ಹೊರಗೆ ಬರಲು ನನ್ನ ಸೊಂಟ ಒಪ್ಪುತ್ತದಾ ಗೊತ್ತಿಲ್ಲ. ನಿಮ್ಮದರಲ್ಲಿ ಒಂದು ಹತ್ತು ನಿಮಿಷ ಮಲಗಿ ನೋಡಬಹುದಾ?

ಪ್ಲೈವುಡ್ ಗೂಡು, ನಾಪೋಕ್ಲು

ಖಂಡಿತ ಬನ್ನಿ ಮೇಡಂ. ಭಾನುವಾರ ಮನೆಯಲ್ಲೇ ಇರುತ್ತೇನೆ, ನನ್ನ ಹೆಂಡತಿಯೂ ಇರುತ್ತಾಳೆ. ಹತ್ತು ನಿಮಿಷ ಸಾಲದು, ಊಟ ಮುಗಿಸಿ ಒಂದು ಗಂಟೆ ನಿದ್ದೆ ಮಾಡಿ. ಮೈ ಬಿಗಿದ ಮೇಲೆ ಎದ್ದು ನೋಡಿದರೇ ಗೊತ್ತಾಗುವುದು. ಹಾಸಿಗೆ ಬಿಸಿಲಿಗೆ ಹಾಕಿ ಇಟ್ಟಿರುತ್ತೇನೆ.